ಹರಳಯ್ಯನವರ ನಾಟಕ ಚಮ್ಮಾವುಗೆಗೇ ಮುಗಿಯುವುದೇಕೆ?

ನಮ್ಮ ಸಂಸ್ಥೆಗಳು ನಡೆಸುವ ಪ್ರೌಢಶಾಲೆಗಳ ವಾರ್ಷಿಕೋತ್ಸವದಲ್ಲಿ, ಬಸವ ಜಯಂತಿಯಲ್ಲಿ, ಶ್ರಾವಣದ ಪ್ರವಚನ ಮಂಗಲದಲ್ಲಿ ಮಕ್ಕಳು ಆಡುವ ನಾಟಕಗಳ ಪೈಕಿ ನಾನು ಅತಿ ಹೆಚ್ಚು ಸಲ ನೋಡಿರುವುದು ಸಮಗಾರ ಹರಳಯ್ಯನವರ ಪ್ರಸಂಗ. ದಾರಿಯಲ್ಲಿ ಹರಳಯ್ಯನವರು ಬಸವಣ್ಣನವರಿಗೆ ಶರಣು ಎನ್ನುತ್ತಾರೆ. ಬಸವಣ್ಣನವರು ಶರಣು ಶರಣಾರ್ಥಿ ಎಂದು ಮರುನುಡಿಯುತ್ತಾರೆ. ಒಂದು ಶರಣಿಗೆ ಎರಡು ಶರಣು ಬಂದ ಭಾರ ತಾಳಲಾರದೆ ಹರಳಯ್ಯ, ಕಲ್ಯಾಣಮ್ಮ ದಂಪತಿ ತಮ್ಮ ತೊಡೆಯ ಚರ್ಮದಿಂದ ಚಮ್ಮಾವುಗೆ ಹೊಲಿದು ತರುತ್ತಾರೆ. ಬಸವಣ್ಣನವರು ಅದನ್ನು ತಲೆಯ ಮೇಲೆ ಹೊತ್ತುಕೊಳ್ಳುತ್ತಾರೆ. ಹಿಂದೆ ಕೊಳಲು ನುಡಿಯುತ್ತದೆ, ಕೆಂಪು ದೀಪ ಹೋಗಿ ಹಳದಿ ದೀಪ ಬರುತ್ತದೆ, ಸಭೆಯಲ್ಲಿ ತಾಯಂದಿರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ತೆರೆ ಬೀಳುತ್ತದೆ. ಮುಖ್ಯ ಅತಿಥಿಗಳ ಭಾಷಣ ಶುರು.

ಶರಣ ಬಂಧುಗಳೇ, ನಾನು ಕೇಳುವ ಪ್ರಶ್ನೆ ಒಂದೇ. ಆಮೇಲೆ ಏನಾಯಿತು?

ಆಮೇಲೆ ಆದದ್ದೇ ಕಲ್ಯಾಣ. ಹರಳಯ್ಯನವರ ಮಗ ಶೀಲವಂತನಿಗೆ, ಬ್ರಾಹ್ಮಣರಾಗಿ ಹುಟ್ಟಿ ಲಿಂಗದೀಕ್ಷೆ ಪಡೆದ ಮಧುವರಸರ ಮಗಳನ್ನು ಕೊಟ್ಟು ಶರಣರು ಮದುವೆ ಮಾಡಿದರು. ವರ್ಣಸಂಕರವಾಯಿತೆಂದು ಬಿಜ್ಜಳನ ಅರಮನೆಗೆ ದೂರು ಹೋಯಿತು. ಬೀಗರಿಬ್ಬರಿಗೂ ಎಳೆಹೂಟೆಯ ಶಿಕ್ಷೆಯಾಯಿತು. ಶರಣರು ದಿಕ್ಕಾಪಾಲಾದರು, ವಚನದ ಕಟ್ಟುಗಳನ್ನು ಹೊತ್ತು ಉಳವಿಯ ಕಡೆ ಹೋದರು. ಚಮ್ಮಾವುಗೆಯ ಕಥೆ ಇಲ್ಲದಿದ್ದರೂ ಕಲ್ಯಾಣದ ಇತಿಹಾಸ ನಿಲ್ಲುತ್ತದೆ. ಮದುವೆಯನ್ನು ತೆಗೆದರೆ ಹನ್ನೆರಡನೆಯ ಶತಮಾನದ ಆ ಕ್ರಾಂತಿಗೆ ಕಾರಣವೇ ಉಳಿಯುವುದಿಲ್ಲ. ಹಾಗಿದ್ದೂ ನಮ್ಮ ಮಕ್ಕಳ ನಾಟಕ ಕಾರಣಕ್ಕೆ ಒಂದು ಹೆಜ್ಜೆ ಮೊದಲೇ ನಿಂತುಬಿಡುತ್ತದೆ. ಒಂದು ಶಾಲೆಯಲ್ಲಿ ನಿಂತರೆ ಆಕಸ್ಮಿಕ ಎನ್ನಬಹುದು. ವರ್ಷ ವರ್ಷ, ಊರು ಊರಲ್ಲಿ ಅದೇ ಜಾಗಕ್ಕೆ ನಿಂತರೆ ಅಲ್ಲೊಂದು ಗೋಡೆ ಇದೆ ಎಂದೇ ಅರ್ಥ.

ಗೋಡೆ ಯಾವುದೆಂದು ನಾನು ಹೇಳುತ್ತೇನೆ. ಚಮ್ಮಾವುಗೆಯ ದೃಶ್ಯದಲ್ಲಿ ಕೊಡುವವರು ಹರಳಯ್ಯನವರು. ತಮ್ಮ ಮೈಯ ಚರ್ಮ ಸುಲಿದು ಕೊಡುತ್ತಾರೆ, ನಾವು ಅಳುತ್ತಾ ನೋಡುತ್ತೇವೆ. ಅದರಿಂದ ನಮ್ಮದೇನೂ ಹೋಗುವುದಿಲ್ಲ. ಮದುವೆಯ ದೃಶ್ಯದಲ್ಲಿ ಕೊಡಬೇಕಾದವರು ನಾವು. ಹೆಣ್ಣು ಕೊಡಬೇಕು, ಹೆಣ್ಣು ತರಬೇಕು, ಬೀಗರೆಂದು ಪಂಕ್ತಿಯಲ್ಲಿ ಕೂರಬೇಕು. ಆ ಹೊತ್ತಿಗೆ ಸರಿಯಾಗಿ ನಮಗೆ ತೆರೆ ಎಳೆಯುವ ನೆನಪಾಗುತ್ತದೆ.

ಇದು ಊಹೆಯ ಮಾತಲ್ಲ. ಕಳೆದ ವರ್ಷ ಕಮಲಾಪುರದ ಕಡೆಯ ಒಂದು ಪ್ರೌಢಶಾಲೆಯಲ್ಲಿ ಕಣ್ಣಾರೆ ಕಂಡೆ. ಶಾಲೆಯ ಹೆಸರು ಹೇಳುವುದಿಲ್ಲ. ಹೇಳಿದರೆ ಉಳಿದ ಶಾಲೆಗಳವರು ತಮ್ಮದಲ್ಲ ಎಂದು ನೆಮ್ಮದಿಯಿಂದ ಪುಟ ತಿರುಗಿಸಿಬಿಡುತ್ತಾರೆ. ನಿವೃತ್ತಿಯಾದ ಮೇಲೆ ಅಲ್ಲಿ ಎರಡು ಕೋಣೆ ಕಟ್ಟಿಸುವ ಉಸ್ತುವಾರಿಯನ್ನು ಸೇವೆಯಾಗಿ ನೋಡಿಕೊಳ್ಳುತ್ತಿದ್ದೆನಾಗಿ ವಾರಕ್ಕೆರಡು ಸಲ ಹೋಗಿಬರುತ್ತಿದ್ದೆ. ಕನ್ನಡ ಕಲಿಸುತ್ತಿದ್ದ ಒಬ್ಬ ತರುಣ ಶಿಕ್ಷಕರು, ಕೆಲಸ ಇನ್ನೂ ಕಾಯಂ ಆಗದವರು, ಒಂಬತ್ತನೆಯ ತರಗತಿಯ ಮಕ್ಕಳಿಂದ ಹರಳಯ್ಯನವರ ನಾಟಕ ಬರೆಸಿದರು. ತಾವು ಬರೆದು ಕೊಡಲಿಲ್ಲ, ಮಕ್ಕಳಿಂದಲೇ ಬರೆಸಿದರು. ಮಕ್ಕಳು ಚಮ್ಮಾವುಗೆಯನ್ನು ಮೊದಲ ಹತ್ತು ನಿಮಿಷದಲ್ಲೇ ಮುಗಿಸಿ ಮದುವೆಗೆ ಹೋದರು. ಮದುವೆಯ ಹಿಂದಿನ ರಾತ್ರಿ ಎರಡು ಮನೆಗಳಲ್ಲಿ ಏನು ಮಾತು ನಡೆದೀತು ಎಂದು ಒಂದು ದೃಶ್ಯ. ಮಧುವರಸರ ಮನೆಯಲ್ಲಿ ಅಜ್ಜಿ ಒಬ್ಬಳು ಊಟ ಬಿಟ್ಟು ಕೂತಿದ್ದಾಳೆ. ಹರಳಯ್ಯನವರ ಮನೆಯಲ್ಲಿ ಕಲ್ಯಾಣಮ್ಮ ಹೆದರಿದ್ದಾಳೆ. ಶರಣರೆಲ್ಲ ನಮ್ಮ ಸಂಗಡ ಇದ್ದಾರೆ ಸರಿ, ನಾಳೆ ಭಟರು ಬಂದಾಗ ಮೊದಲು ಬಾಗಿಲು ಬಡಿಯುವುದು ಯಾರ ಮನೆಯದು ಎಂದು ಗಂಡನನ್ನು ಕೇಳುತ್ತಾಳೆ. ಹದಿನಾಲ್ಕು ವರ್ಷದ ಮಕ್ಕಳು ಬರೆದ ಮಾತು ಇದು. ನಾಟಕ ಬಲ್ಲವರು ಇದಕ್ಕಿಂತ ಚೆನ್ನಾಗಿ ಬರೆದಾರು, ಆದರೆ ಇದಕ್ಕಿಂತ ನಿಜ ಬರೆಯಲಾರರು.

ಪಾತ್ರ ಹಂಚಲು ಆ ಶಿಕ್ಷಕರು ಚೀಟಿ ಎತ್ತಿಸಿದರು. ಬಸವಣ್ಣನವರ ಚೀಟಿ ಒಬ್ಬ ಹುಡುಗಿಗೆ ಬಂತು. ಹರಳಯ್ಯನವರದು ಊರಿನ ದೊಡ್ಡ ಒಕ್ಕಲುತನದ ಮನೆಯ ಹುಡುಗನಿಗೆ. ಮಧುವರಸರದು ಸಮಗಾರ ಓಣಿಯ ಹುಡುಗನಿಗೆ. ನಾಲ್ಕು ದಿನ ತಾಲೀಮು ನಡೆಯಿತು. ಐದನೆಯ ದಿನ ಒಬ್ಬ ತಂದೆ ಮೋಟಾರ್ ಸೈಕಲ್ ಏರಿ ಬಂದರು. ಮರ್ಯಾದಸ್ಥರು, ಮನೆಯಲ್ಲಿ ಬಸವಣ್ಣನವರ ಆಳೆತ್ತರದ ಫೋಟೋ ಇಟ್ಟವರು.

‘ಎಂಜಿನಿಯರ್ ಸಾಹೇಬ್ರ, ನೀವರ ಹೇಳ್ರಿ. ನಮ್ಮ ಪೋರ ಚಪ್ಪಲಿ ಹೊಲಿಯೋ ವೇಷ ಹಾಕ್ಕೊಂಡು ಸ್ಟೇಜಿನ ಮ್ಯಾಲ ನಿಂತ್ರ ನಾಳಿ ಬೀಗ್ರು ಏನ್ ಅಂದಾರು? ಬಸವಣ್ಣನ ಪಾರ್ಟ್ ಕೊಡ್ರಿ, ಖರ್ಚೆಲ್ಲಾ ನಾ ಹಾಕ್ತೀನಿ.’

ಹರಳಯ್ಯನವರು ದೊಡ್ಡ ಶರಣರಲ್ಲವೇ ಎಂದೆ. ‘ದೊಡ್ಡವರ್ರೀ, ಯಾರ್ ಇಲ್ಲ ಅಂದಾರ? ಕೈ ಮುಗೀತೀನಿ. ಕೈ ಮುಗಿಯೋದು ಬ್ಯಾರೆ, ಅವ್ರ ಪಾರ್ಟ್ ಮಾಡೋದು ಬ್ಯಾರೆ’ ಎಂದರು. ಕೈಮುಗಿಯುವುದು ಬೇರೆ ಎಂಬ ಆ ಮಾತು ನನಗೆ ಒಂದು ಗ್ರಂಥ ಓದಿದಷ್ಟಾಯಿತು. ಎಂಟು ನೂರು ವರ್ಷಗಳಿಂದ ನಾವು ಮಾಡುತ್ತ ಬಂದಿರುವುದನ್ನು ಆ ಯಜಮಾನರು ಒಂದು ಸಾಲಿನಲ್ಲಿ ಹೇಳಿದ್ದರು. ಅವರನ್ನು ನಾನು ದೂರುವುದಿಲ್ಲ. ಅವರು ಮನಸ್ಸಿನಲ್ಲಿದ್ದದ್ದನ್ನು ಬಾಯಿಬಿಟ್ಟು ಹೇಳಿದರು.

ಆಡಳಿತ ಮಂಡಳಿಯ ಸಭೆಯಲ್ಲಿ ಅಷ್ಟೂ ಪ್ರಾಮಾಣಿಕತೆ ಇರಲಿಲ್ಲ. ‘ಸಾರ್ವಜನಿಕರು ಬರ್ತಾರ, ಗದ್ದಲ ಆಗೋದು ಬ್ಯಾಡ, ಮಕ್ಕಳ ಮನಸ್ಸಿನ ಮ್ಯಾಲ ಹಿಂಸೆಯ ಪರಿಣಾಮ ಆಗ್ತದ’ ಎಂದರು. ಎಳೆಹೂಟೆ ಹಿಂಸೆಯಂತೆ, ಅದೇ ವೇದಿಕೆಯಲ್ಲಿ ಅದೇ ಸಂಜೆ ಸಿನಿಮಾ ಹಾಡಿಗೆ ಏಳನೆಯ ತರಗತಿಯ ಹುಡುಗರು ಪ್ಲಾಸ್ಟಿಕ್ ಮಚ್ಚು ಹಿಡಿದು ಕುಣಿದದ್ದು ಮನರಂಜನೆಯಂತೆ. ಮದುವೆಯ ದೃಶ್ಯ ಹೋಯಿತು. ಮಕ್ಕಳು ಬರೆದ ಮಾತೆಲ್ಲ ಹೋಯಿತು. ನಗರದಿಂದ ಒಬ್ಬ ನೃತ್ಯ ಸಂಯೋಜಕರು ಬಂದರು. ಸಂಭಾಷಣೆಯನ್ನು ಯಾರೋ ದೊಡ್ಡವರ ದನಿಯಲ್ಲಿ ಮೊದಲೇ ಮುದ್ರಿಸಿ ತಂದಿದ್ದರು, ಮಕ್ಕಳು ಬರಿ ತುಟಿ ಆಡಿಸಿದರು. ಹರಳಯ್ಯನವರ ಪಾತ್ರ ಯಾರಿಗೆ ಹೋಯಿತೆಂದು ಓದುಗರು ಈಗಾಗಲೇ ಊಹಿಸಿರುತ್ತೀರಿ. ಹೌದು, ಸಮಗಾರ ಓಣಿಯ ಅದೇ ಹುಡುಗನಿಗೆ. ಮಧುವರಸನಾಗಿ ಮಂತ್ರಿಯ ಠೀವಿಯಲ್ಲಿ ನಿಲ್ಲಲು ನಾಲ್ಕು ದಿನ ಕಲಿತಿದ್ದ ಹುಡುಗ ತಲೆ ತಗ್ಗಿಸಿ ಚಮ್ಮಾವುಗೆ ಹಿಡಿದು ನಿಂತ. ಸಭೆ ಚಪ್ಪಾಳೆ ತಟ್ಟಿತು. ಮೇಲೆ ಡ್ರೋನ್ ಹಾರುತ್ತಿತ್ತು. ಧ್ವನಿ, ಬೆಳಕು, ಡ್ರೋನ್, ಬಾಡಿಗೆಯ ಕಿರೀಟ ಎಲ್ಲ ಸೇರಿ ಬಿಲ್ಲು 80,000 ರೂಪಾಯಿ ದಾಟಿತ್ತು. ಲೆಕ್ಕದ ಹಾಳೆಯನ್ನು ನಾನೇ ನೋಡಿದ್ದೇನೆ. ಜೂನ್‌ನಲ್ಲಿ ಶಾಲೆ ತೆರೆದಾಗ ಆ ಕನ್ನಡ ಶಿಕ್ಷಕರನ್ನು ಮತ್ತೆ ಕರೆಯಲಿಲ್ಲ.

ಕಿರೀಟದ ಮಾತು ಬಂತು. ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿದ್ದವರು, ಲೆಕ್ಕ ಬರೆದವರು, ಒಂದು ದಮ್ಮ ಹೆಚ್ಚುಕಡಿಮೆಯಾದರೆ ಉತ್ತರ ಕೊಡಬೇಕಾದ ಜಾಗದಲ್ಲಿ ಕೂತವರು. ಸರ್ಕಾರಿ ನೌಕರಿ ಮಾಡಿದ ನನ್ನಂಥವನಿಗೆ ಅವರಲ್ಲಿ ಮೊದಲು ಕಾಣುವುದು ಅದು. ಯಾವ ಶಾಲೆಯ ನಾಟಕದಲ್ಲೂ ಅವರ ಕೈಗೆ ಲೆಕ್ಕದ ಕಡತ ಕೊಟ್ಟದ್ದನ್ನು ನಾನು ಕಾಣೆ. ಕಿರೀಟ, ಕರ್ಣಕುಂಡಲ, ತಲೆಯ ಹಿಂದೆ ಗಿರಗಿರ ತಿರುಗುವ ದೀಪದ ಚಕ್ರ ಮಾತ್ರ ತಪ್ಪುವುದಿಲ್ಲ. ಈ ರೂಪ ನಮಗೆ ಕ್ಯಾಲೆಂಡರ್‌ನಿಂದ ಬಂತು, ಸಿನಿಮಾದಿಂದ ಬಂತು. 1959ರಲ್ಲಿ ‘ಜಗಜ್ಯೋತಿ ಬಸವೇಶ್ವರ’ ಬಂತು, 1983ರಲ್ಲಿ ‘ಕ್ರಾಂತಿಯೋಗಿ ಬಸವಣ್ಣ’ ಬಂತು. ಆ ಚಿತ್ರಗಳ ಉಪಕಾರ ನಾನು ಮರೆಯುವವನಲ್ಲ, ಬಸವಣ್ಣನವರ ಹೆಸರನ್ನು ಊರೂರಿಗೆ ಮುಟ್ಟಿಸಿದವು. ಕಲಬುರಗಿಯ ರಂಗಮಂದಿರಕ್ಕೆ ಹೆಸರು ಕೊಟ್ಟ ನಮ್ಮೂರಿನ ಮಹಾ ಕಲಾವಿದ ಎಸ್.ಎಂ. ಪಂಡಿತರೂ ಸಿನಿಮಾ ಚಿತ್ರಫಲಕ, ಪುರಾಣದ ಕ್ಯಾಲೆಂಡರ್ ಚಿತ್ರಗಳಿಂದಲೇ ದೇಶಕ್ಕೆ ಪರಿಚಿತರಾದವರು. ಆ ಕಲೆ ಗೋಡೆಗೆ ಚೆಂದ. ಮಕ್ಕಳು ಉಸಿರಾಡುವ ನಾಟಕಕ್ಕೆ ಅದನ್ನೇ ತಂದು ಅಂಟಿಸಿದರೆ ಬಸವಣ್ಣನವರು ಮೊಳೆ ಹೊಡೆದ ಚಿತ್ರವಾಗುತ್ತಾರೆ.

ಕೆಲವು ಹಿರಿಯರು ಇನ್ನೊಂದು ಮಾತು ಹೇಳುತ್ತಾರೆ. ನಾಟಕ, ಸಿನಿಮಾ ಎಲ್ಲ ವೇಷದ ವ್ಯವಹಾರ, ಧರ್ಮಕ್ಕೂ ಅದಕ್ಕೂ ಏನು ಸಂಬಂಧ ಎಂದು. ಅವರು ಶರಣರ ಹೆಸರಿನ ಪಟ್ಟಿಯನ್ನಾದರೂ ಒಮ್ಮೆ ಓದಲಿ. ‘ರೇಕಣ್ಣಪ್ರಿಯ ನಾಗಿನಾಥ’ ಎಂಬ ಅಂಕಿತದಲ್ಲಿ ವಚನ ಬರೆದ ಬಹುರೂಪಿ ಚೌಡಯ್ಯನವರ ಕಾಯಕ ಏನು? ವೇಷ ಹಾಕುವುದೇ. ನಗೆಯ ಮಾರಿತಂದೆಗಳ ಕಾಯಕ ಜನರನ್ನು ನಗಿಸುವುದು. ಢಕ್ಕೆಯ ಬೊಮ್ಮಣ್ಣನವರದು ಢಕ್ಕೆ ಬಾರಿಸುವುದು. ಅನುಭವ ಮಂಟಪದಲ್ಲಿ ಇವರಿಗೆ ಹಿಂದಿನ ಸಾಲಿನ ಜಾಗ ಇರಲಿಲ್ಲ. ನೂಲು, ಹಗ್ಗ, ದೋಣಿ, ಚರ್ಮ ಹೇಗೆ ಕಾಯಕವೋ ವೇಷವೂ ಹಾಗೇ ಕಾಯಕ ಎಂದು ಶರಣರು ಒಪ್ಪಿಕೊಂಡಿದ್ದರು. ಲೋಕದಲ್ಲಿ ಎಷ್ಟು ಧರ್ಮಗಳು ನಟನನ್ನು ತಮ್ಮ ಸಂತರ ಸಾಲಿನಲ್ಲಿ ಕೂರಿಸಿವೆ ಎಂದು ಯೋಚಿಸಿ ನೋಡಿ. ನಾವು ಕೂರಿಸಿದೆವು, ಆಮೇಲೆ ಮರೆತೆವು.

ಎಲ್ಲರೂ ಮರೆಯಲಿಲ್ಲ ಎನ್ನುವುದನ್ನೂ ಹೇಳಬೇಕು. ಸಿರಿಗೆರೆಯ ಲಿಂಗೈಕ್ಯ ಶಿವಕುಮಾರ ಶಿವಾಚಾರ್ಯ ಸ್ವಾಮೀಜಿಯವರು ಪೀಠದ ಮೇಲೆ ಕೂತೇ ‘ಮರಣವೇ ಮಹಾನವಮಿ’, ‘ಶರಣಸತಿ ಲಿಂಗಪತಿ’ ನಾಟಕಗಳನ್ನು ಬರೆದರು, ಆಡಿಸಿದರು. ಸಾಣೇಹಳ್ಳಿಯ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿಯವರು 1987ರಲ್ಲಿ ಶಿವಕುಮಾರ ಕಲಾಸಂಘ ಕಟ್ಟಿದರು, 1997ರಿಂದ ‘ಶಿವಸಂಚಾರ’ ವರ್ಷಕ್ಕೆ ಮೂರು ನಾಟಕ ಹೊತ್ತು ನಾಡು ಸುತ್ತುತ್ತಿದೆ. ಹೊಸದುರ್ಗ ತಾಲ್ಲೂಕಿನ ಒಂದು ಸಣ್ಣ ಹಳ್ಳಿಯಲ್ಲಿ ಗ್ರೀಕರ ಮಾದರಿಯ ಬಯಲು ರಂಗಮಂದಿರ ಎದ್ದು ನಿಂತಿದೆ. 2019ರ ಆಗಸ್ಟ್ ತಿಂಗಳಿಡೀ ತರೀಕೆರೆಯಿಂದ ಹೊರಟು ಬಸವಕಲ್ಯಾಣದಲ್ಲಿ ಮುಗಿದ ‘ಮತ್ತೆ ಕಲ್ಯಾಣ’ ಅಭಿಯಾನದಲ್ಲಿ ಹಗಲು ವಿದ್ಯಾರ್ಥಿಗಳ ಜೊತೆ ಸಂವಾದ, ರಾತ್ರಿ ‘ಮೋಳಿಗೆ ಮಾರಯ್ಯ’ ನಾಟಕ. ಮಕ್ಕಳು ಮೊದಲು ಪ್ರಶ್ನೆ ಕೇಳಬೇಕು, ಆಮೇಲೆ ನಾಟಕ ನೋಡಬೇಕು ಎಂಬ ಆ ಕ್ರಮವೇ ನನಗೆ ಬಹಳ ಹಿಡಿಸಿತು. ಕುಂದಗನ್ನಡದ ಗಡಿಯಿಂದ ಬಯಲುಸೀಮೆಯ ತನಕ ನಾಟಕ ಹೊತ್ತು ತಿರುಗುವ ಮಠ ಒಂದಿದೆಯಾದರೆ, ಕಲ್ಯಾಣದ ನೆಲದಲ್ಲೇ ಇರುವ ನಮ್ಮ ಮಠಗಳ ಶಾಲೆಗಳಿಗೆ ಬಾಡಿಗೆ ಕಿರೀಟವೇ ಗತಿ ಏಕೆ?

ನಾಟಕಕಾರರು ಆ ಮದುವೆಯ ಮುಂದೆ ಹೆದರಿ ನಿಂತವರಲ್ಲ. ಲಂಕೇಶರ ‘ಸಂಕ್ರಾಂತಿ’, ಕಾರ್ನಾಡರ ‘ತಲೆದಂಡ’, ಶಿವಪ್ರಕಾಶರ ‘ಮಹಾಚೈತ್ರ’, ನಮ್ಮ ಎಂ.ಎಂ. ಕಲಬುರ್ಗಿಯವರ ‘ಕೆಟ್ಟಿತ್ತು ಕಲ್ಯಾಣ’ ಎಲ್ಲವೂ ಕಲ್ಯಾಣದ ಆ ಗಾಯವನ್ನು ಮುಟ್ಟಿದವು. ಒಬ್ಬೊಬ್ಬರ ನೋಟದ ಜೊತೆ ನನಗೆ ಜಗಳವಿದೆ, ಅದು ಬೇರೆ ಲೇಖನದ ಮಾತು. ‘ಮಹಾಚೈತ್ರ’ ಪಠ್ಯವಾದಾಗ, 1990ರ ದಶಕದಲ್ಲಿ, ನಮ್ಮ ಜನ ಬೀದಿಗಿಳಿದರು. ಬಸವಣ್ಣನವರಿಗೆ ಅವಮಾನವಾಯಿತು ಎಂದರು. ನಮ್ಮದೇ ಶಾಲೆಯ ವೇದಿಕೆಯಲ್ಲಿ, ನಮ್ಮದೇ ಆಡಳಿತ ಮಂಡಳಿ ಕತ್ತರಿ ಹಿಡಿದು ಹರಳಯ್ಯನವರ ಮಗನ ಮದುವೆಯನ್ನು ವರ್ಷವರ್ಷವೂ ಕತ್ತರಿಸಿ ಎಸೆಯುವಾಗ ಯಾರಾದರೂ ಬೀದಿಗಿಳಿದದ್ದುಂಟೇ? ಬಿಜ್ಜಳ ಆ ಮದುವೆಯನ್ನು ಶಿಕ್ಷಿಸಿದ, ಆದರೆ ನಡೆದೇ ಇಲ್ಲ ಎನ್ನಲಿಲ್ಲ. ನಾವು ಅವನಿಗಿಂತ ಒಂದು ಕೈ ಮುಂದೆ ಹೋಗಿದ್ದೇವೆ.

ಈಗ ಹುಡುಗಿಯ ವಿಷಯ. ಬಸವಣ್ಣನವರ ಚೀಟಿ ಎತ್ತಿದ ಹುಡುಗಿಗೆ ಸಮೂಹ ನೃತ್ಯದಲ್ಲಿ ಆರತಿ ತಟ್ಟೆ ಹಿಡಿಯುವ ಕೆಲಸ ಕೊಟ್ಟರು. ಗಂಡಿನ ಪಾತ್ರ ಹೆಣ್ಣು ಮಾಡುವುದು ಚೆಂದ ಕಾಣದಂತೆ. ಕಂಪನಿ ನಾಟಕಗಳಲ್ಲಿ ಗಂಡಸರು ಸೀರೆ ಉಟ್ಟು ಹೆಣ್ಣಿನ ಪಾತ್ರ ಮಾಡಿದಾಗ ಇದೇ ಸಮಾಜ ಟಿಕೆಟ್ ಕೊಂಡು ನೋಡಿತು. ಅಷ್ಟಕ್ಕೂ ನಿಜಾಮರ ಆಡಳಿತದಲ್ಲಿ, ಕಚೇರಿಯಲ್ಲೂ ಶಾಲೆಯಲ್ಲೂ ಉರ್ದು ನಡೆಯುತ್ತಿದ್ದ ಕಾಲದಲ್ಲಿ, ಇದೇ ಕಲಬುರಗಿಯಲ್ಲಿ ಶರಣಬಸವೇಶ್ವರ ಸಂಸ್ಥಾನದ ದೊಡ್ಡಪ್ಪ ಅಪ್ಪನವರು ಹೆಣ್ಣುಮಕ್ಕಳ ಶಾಲೆಗೆ ಕೈಹಾಕಿದರು, 1934ರಲ್ಲಿ ವಿದ್ಯಾವರ್ಧಕ ಸಂಘ ಕಟ್ಟಿದರು. ಊರಿನ ಎಂಜಿನಿಯರಿಂಗ್ ಕಾಲೇಜಿಗೆ ಅವರ ಹೆಸರಿದೆ. ಅಂದು ಹುಡುಗಿಯರನ್ನು ಶಾಲೆಗೆ ಕಳಿಸಿರಿ ಎಂದಾಗ ಜನ ಹೇಳಿರಬಹುದಾದ ಮಾತು ನಾವು ಇಂದು ಹೇಳುತ್ತಿರುವ ಮಾತೇ ಇರಬೇಕು, ಚೆಂದ ಕಾಣುವುದಿಲ್ಲ ಎಂದು.

ಎಸ್ಸೆಸ್ಸೆಲ್ಸಿಯ ಅಡ್ಡಗೋಡೆ ಇದ್ದೇ ಇದೆ. 2025ರ ಫಲಿತಾಂಶದಲ್ಲಿ ನಮ್ಮ ಜಿಲ್ಲೆ ರಾಜ್ಯಕ್ಕೇ ಕೊನೆ ಬಂತು, ಮಕ್ಕಳು ಓದಲಿ, ನಾಟಕ ಯಾಕೆ ಎನ್ನುತ್ತಾರೆ. ಒಪ್ಪಿದೆ, ಓದಬೇಕು. ಆದರೆ ತುಟಿ ಆಡಿಸುವ ಆ ದೃಶ್ಯಕ್ಕೆ ಮೂರು ವಾರ ಪಾಠ ನಿಲ್ಲಿಸಿದವರೂ ಇವರೇ. ಮಕ್ಕಳು ತಾವೇ ನಾಟಕ ಬರೆದ ವಾರಗಳಲ್ಲಿ ವಚನ ಸಂಪುಟ ತೆರೆದರು, ‘ಎಳೆಹೂಟೆ’ ಎಂದರೇನು, ‘ದಮ್ಮ’ ಎಂದರೇನು ಎಂದು ಹುಡುಕಿದರು, ಕಾಗುಣಿತ ತಪ್ಪಿದ್ದನ್ನು ಒಬ್ಬರಿಗೊಬ್ಬರು ತಿದ್ದಿದರು. ಹಿಂದಿನ ಬೆಂಚಿನ ಹುಡುಗನೊಬ್ಬ ಒಂದು ಪುಟದ ಮಾತನ್ನು ತಡವರಿಸದೆ ಹೇಳಲು ಕಲಿತ. ಪ್ರೌಢಶಾಲೆಯವರಿಗಾಗಿ ವರ್ಷವರ್ಷ ನಡೆಯುವ ವಿಜ್ಞಾನ ನಾಟಕ ಸ್ಪರ್ಧೆಗೆ ನಮ್ಮ ಶಾಲೆಗಳು ಸಂಭ್ರಮದಿಂದ ಹೋಗುತ್ತವೆ, ಮೂಢನಂಬಿಕೆ ಬಿಡಿ ಎಂದು ಮಕ್ಕಳು ಅಲ್ಲಿ ಅಭಿನಯಿಸುತ್ತಾರೆ. ಅದರಿಂದ ವಿಜ್ಞಾನದ ಅಂಕ ಕಡಿಮೆಯಾಗುತ್ತದೆ ಎಂದು ಯಾರೂ ಹೇಳಿಲ್ಲ. ಜಾತಿ ಬಿಡಿ ಎಂದು ಅಭಿನಯಿಸಿದರೆ ಮಾತ್ರ ಕನ್ನಡದ ಅಂಕ ಕಡಿಮೆಯಾಗುತ್ತದೆಯೋ?

ಮಕ್ಕಳು ಸುಮ್ಮನಾಗಲಿಲ್ಲ ಎನ್ನುವುದು ಈ ಪ್ರಸಂಗದಲ್ಲಿ ನನಗೆ ಉಳಿದ ಸಮಾಧಾನ. ಒಬ್ಬ ವಿದ್ಯಾರ್ಥಿನಿಯ ಅಣ್ಣನ ಮೊಬೈಲ್‌ನಲ್ಲಿ ಅವರು ಒಂದು ಕಿರುಚಿತ್ರ ಮಾಡಿದರು, ಹನ್ನೊಂದು ನಿಮಿಷದ್ದು. ನಾಟಕದ ತಾಲೀಮಿನ ದಿನಗಳಲ್ಲಿ ಹರಳಯ್ಯನವರ ಪಾತ್ರದ ಹುಡುಗನಿಗೆ ಕೈಯ ಚಲನೆ ಬರಬೇಕೆಂದು ಅವರು ರಸ್ತೆ ಬದಿಯಲ್ಲಿ ಕೊಡೆ ಹಾಕಿ ಕೂರುವ ಒಬ್ಬ ವೃದ್ಧರ ಹತ್ತಿರ ಹೋಗಿದ್ದರು. ಆ ಭೇಟಿಯನ್ನೇ ಚಿತ್ರ ಮಾಡಿದರು. ವೃದ್ಧರು ರಂಪಿಗೆ ಹಿಡಿಯುವ ರೀತಿ ತೋರಿಸುತ್ತಾರೆ, ದಬ್ಬಳಕ್ಕೆ ದಾರ ಪೋಣಿಸುವುದನ್ನು ತೋರಿಸುತ್ತಾರೆ, ಚರ್ಮ ಎಳೆಯುವಾಗ ಹೆಬ್ಬೆರಳು ಎಲ್ಲಿರಬೇಕೆಂದು ದೊಡ್ಡ ಒಕ್ಕಲುತನದ ಮನೆಯ ಆ ಹುಡುಗನ ಕೈ ಹಿಡಿದು ತಿದ್ದುತ್ತಾರೆ. ಚಿತ್ರ ಅಲುಗುತ್ತದೆ, ಲಾರಿಗಳ ಸದ್ದಿಗೆ ಅರ್ಧ ಮಾತು ಕೇಳುವುದಿಲ್ಲ. ಕೊನೆಗೆ ಮಕ್ಕಳು ಹರಳಯ್ಯನವರ ಬಗ್ಗೆ ಏನಾದರೂ ಹೇಳಿರಿ ಎಂದು ಕೇಳುತ್ತಾರೆ. ವೃದ್ಧರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳುತ್ತಾರೆ:

‘ಹರಳಯ್ಯ ನಮ್ಮಂವ ಅಂತೀರಿ, ಚಲೋ ಆತು. ಅಂವ ನಿಮ್ಮಂವ ಆದ ಮ್ಯಾಲ ನಾವ್ಯಾಕ್ ಇನ್ನೂ ಹೊರಗ ಕುಂತೀವಿ, ತಮ್ಮಾ?’

ಕೇಳಿದ ಹುಡುಗಿಗೆ ಉತ್ತರ ಹೊಳೆಯುವುದಿಲ್ಲ. ಚಿತ್ರ ಅಲ್ಲಿಗೇ ಕತ್ತಲಾಗುತ್ತದೆ. ಇದನ್ನು ವಾರ್ಷಿಕೋತ್ಸವದಲ್ಲಿ ತೋರಿಸಬೇಕೆಂದು ಮಕ್ಕಳು ಕೇಳಿದರು. ಸಮಯವಿಲ್ಲ ಎಂದರು. ಡ್ರೋನ್ ತೆಗೆದ ವಿಡಿಯೋಗೆ ಇಪ್ಪತ್ತು ನಿಮಿಷವಿತ್ತು. ಅದು ಈಗಲೂ ವಾಟ್ಸಾಪ್‌ನಲ್ಲಿ ಸುತ್ತುತ್ತಿದೆ, ಕೆಳಗೆ ಕೈಮುಗಿದ ಚಿತ್ರಗಳ ರಾಶಿ ಇದೆ. ಉತ್ತರ ಕರ್ನಾಟಕದ ಪತ್ರಿಕೆಗಳಲ್ಲಿ ಮರ್ಯಾದೆಗೇಡು ಹತ್ಯೆ ಎಂಬ ತಲೆಬರಹ ಓದಿ ನಾವು ಲೊಚಗುಟ್ಟುತ್ತೇವೆ. ಕೊಂದವರಲ್ಲಿ ಯಾರೂ ನಮ್ಮ ಶಾಲೆಗಳಲ್ಲಿ ಓದಿಲ್ಲ, ಯಾರೂ ಚಮ್ಮಾವುಗೆಯ ದೃಶ್ಯ ನೋಡಿ ಅತ್ತಿಲ್ಲ ಎಂದು ಎದೆ ಮುಟ್ಟಿ ಹೇಳಬಲ್ಲಿರಾ?

ಶರಣಬಸವೇಶ್ವರ ದೇವಸ್ಥಾನದ ಜಾತ್ರೆ ಹೋಳಿ ಹುಣ್ಣಿಮೆಯಾದ ಐದನೆಯ ದಿನ. ತೇರಿನ ಸಂಜೆ ಪೀಠಾಧಿಪತಿಗಳು ಪರುಷ ಬಟ್ಟಲು ತೋರಿಸುವ ಗಳಿಗೆಗೆ ತೆಲಂಗಾಣ, ಮಹಾರಾಷ್ಟ್ರದಿಂದಲೂ ಜನ ಬಂದು ಸೇರುತ್ತಾರೆ. ನಾನು ಹುಡುಗನಾಗಿದ್ದಾಗ ಜಾತ್ರೆ ಎಂದರೆ ತೇರು, ಆಮೇಲೆ ಕಂಪನಿ ನಾಟಕದ ತಗಡಿನ ಥಿಯೇಟರ್. ಮೈಕಿಗೆ ಬಾಯಿ ಹಚ್ಚದೆ ಕೊನೆಯ ಸಾಲಿನವರಿಗೆ ಮಾತು ಮುಟ್ಟಿಸುತ್ತಿದ್ದ ನಟರನ್ನು ಆ ನೆಲದ ಟಿಕೆಟ್ಟಿನಲ್ಲಿ ಕೂತು ನೋಡಿದ್ದೇನೆ. ಬಸವಣ್ಣನವರ ಪಾತ್ರಕ್ಕೆ ಏಣಗಿ ಬಾಳಪ್ಪನವರು ಎಂದು ಹಿರಿಯರು ಹೇಳುವಾಗ ಅವರ ದನಿಯೇ ಬದಲಾಗುತ್ತಿತ್ತು. ಆ ಜನ ಪವಾಡವನ್ನೂ ನೋಡಿದರು, ಜೊತೆಗೆ ಮಾತನ್ನೂ ಕೇಳಿದರು. ಇಂದಿನ ಶಾಲೆಯ ಮಕ್ಕಳಿಗೆ ಪವಾಡ ಉಳಿದಿದೆ, ಮಾತು ಹೋಗಿದೆ.

ಶರಣಬಸವೇಶ್ವರರ ಕಥೆಯನ್ನೇ ತೆಗೆದುಕೊಳ್ಳಿ. ಅರಳಗುಂಡಗಿಯ ಹೊಲದಲ್ಲಿ ಹಕ್ಕಿಗಳನ್ನು ಓಡಿಸದೆ, ತಿಂದ ಹಕ್ಕಿಗಳಿಗೆ ಕುಡಿಯಲು ನೀರೂ ಇಟ್ಟ ಪ್ರಸಂಗ ಈ ಭಾಗದ ಮಕ್ಕಳಿಗೆಲ್ಲ ಬಾಯಿಪಾಠ. ಶಾಲೆಯ ದೃಶ್ಯದಲ್ಲಿ ಏನು ತೋರಿಸುತ್ತಾರೆ? ಹಕ್ಕಿ ತಿಂದ ಹೊಲದಲ್ಲಿ ಎಲ್ಲರಿಗಿಂತ ಹೆಚ್ಚು ಜೋಳ ಬಂತು, ಜಯಘೋಷ. ಫಸಲು ಹೆಚ್ಚು ಬರುವುದು ಖಾತ್ರಿಯಿದ್ದರೆ ಹಕ್ಕಿಗೆ ಕಾಳು ಬಿಡಲು ಶರಣರೇ ಆಗಬೇಕೇ? ಯಾವ ಸಾಹುಕಾರನೂ ಬಿಟ್ಟಾನು. ಕಾಳು ಹೋದರೆ ಹೋಗಲಿ ಎಂದು ಬಿಟ್ಟರಲ್ಲ, ಮನೆಯವರು ಏನೆಂದರು, ಪಕ್ಕದ ಹೊಲದವರು ಹೇಗೆ ನಕ್ಕರು, ಅವರ ಮನಸ್ಸು ಹೇಗೆ ಗಟ್ಟಿಯಾಯಿತು, ಆ ಮನಸ್ಸೇ ಮುಂದೆ ಕಲಬುರಗಿಯ ಮಹಾದಾಸೋಹವಾಗಿ ಹೇಗೆ ಬೆಳೆಯಿತು. ನಾಟಕ ಇರುವುದು ಅಲ್ಲಿ. ಹದಿನಾಲ್ಕು ವರ್ಷದ ಮಗುವಿಗೆ ಈ ಪ್ರಶ್ನೆ ಕೊಟ್ಟು ನೋಡಿ, ಎಂಥ ದೃಶ್ಯ ಬರೆದು ತರುತ್ತದೆ ನೋಡಿ. ದಾಸೋಹದ ಪಂಕ್ತಿಯಲ್ಲಿ ಯಾರ ಪಕ್ಕ ಯಾರು ಕೂತರು ಎಂದೂ ಆ ಮಗು ಕೇಳುತ್ತದೆ. ಕೇಳಲಿ.

ಬಸವಕಲ್ಯಾಣದಲ್ಲಿ ಹೊಸ ಅನುಭವ ಮಂಟಪ ಏಳುತ್ತಿದೆ. 2021ರ ಜನವರಿಯಲ್ಲಿ ಅಡಿಗಲ್ಲು ಬಿತ್ತು, ಅಂದಿನ ಅಂದಾಜು 500 ಕೋಟಿ, 770 ಶರಣರ ನೆನಪಿಗೆ 770 ಕಂಬಗಳ ಯೋಜನೆ. ಕಟ್ಟಡದ ಕೆಲಸ ಮಾಡಿ ಬದುಕಿದ ನಾನು ಕಟ್ಟಡ ಬೇಡ ಎನ್ನುವವನಲ್ಲ. 2024ರಲ್ಲಿ ಸರ್ಕಾರ ಬಸವಣ್ಣನವರನ್ನು ಸಾಂಸ್ಕೃತಿಕ ನಾಯಕ ಎಂದು ಘೋಷಿಸಿದಾಗ ನಾನೂ ಪೇಡೆ ಹಂಚಿದೆ. ಆದರೆ ಕಂಬ ಮಾತಾಡುವುದಿಲ್ಲ. 770 ಕಂಬಗಳಲ್ಲಿ ಹರಳಯ್ಯನವರ ಹೆಸರಿನದೂ ಒಂದಿರುತ್ತದೆ, ಮಧುವರಸರ ಹೆಸರಿನದೂ ಒಂದಿರುತ್ತದೆ. ಅವುಗಳ ನಡುವೆ ನಿಂತ ಮಗುವಿಗೆ ಇವರಿಬ್ಬರೂ ಬೀಗರು ಎಂದು ಯಾರು ಹೇಳುತ್ತಾರೆ?

ಹಾಗಾಗಿ ಒಂದು ಪ್ರಸ್ತಾವ ಇಡುತ್ತೇನೆ, ನನ್ನ ಕೈಲಾದ ಮಟ್ಟಿಗೆ. ಶಾಲೆಗೊಂದು ಬಯಲು ಕಟ್ಟೆ ಸಾಕು. 24 ಅಡಿ ಅಗಲ, 20 ಅಡಿ ಉದ್ದ, ಎರಡೂವರೆ ಅಡಿ ಎತ್ತರ. ಸುತ್ತ ಕಲ್ಲಿನ ಗೋಡೆ, ಒಳಗೆ ಸುಮಾರು 34 ಘನ ಮೀಟರ್ ಮುರುಮ್ ತುಂಬಿ ಪದರ ಪದರವಾಗಿ ನೀರು ಹೊಡೆದು ಧಮ್ಮಸ್ ಮಾಡಿದರೆ, ಮೇಲೆ ಶಹಾಬಾದ್ ಫರ್ಸಿ ಹಾಸಿದರೆ ನೂರು ವರ್ಷ ಅಲುಗುವುದಿಲ್ಲ. ನಮ್ಮದು ಎರೆಮಣ್ಣು, ಬೇಸಿಗೆಗೆ ಬಾಯಿಬಿಡುತ್ತದೆ, ಮಳೆಗೆ ಉಬ್ಬುತ್ತದೆ. ಪಾಯ ಮಾತ್ರ ಗಟ್ಟಿ ನೆಲ ಸಿಗುವ ತನಕ ಹೋಗಬೇಕು, ಅಲ್ಲಿ ಜಿಪುಣತನ ಮಾಡಬಾರದು. ಎರಡು ಮೂರು ವಾರ್ಷಿಕೋತ್ಸವಗಳ ಡ್ರೋನ್, ಕಿರೀಟದ ಬಾಡಿಗೆ ಉಳಿಸಿ ಊರವರು ಶ್ರಮದಾನ ಮಾಡಿದರೆ ಬಹುಪಾಲು ಕೆಲಸ ಆಗಿಹೋಗುತ್ತದೆ. ಎದುರಿಗೆ ಬೇವಿನ ಮರವಿದ್ದರೆ ಬೇರೆ ಪ್ರೇಕ್ಷಾಗೃಹ ಬೇಡ. ಒಂದು ಗೋಡೆಗೆ ಸುಣ್ಣ ಬಳಿದರೆ ಮಕ್ಕಳ ಕಿರುಚಿತ್ರ ತೋರಿಸಲು ಅದೇ ಪರದೆ. ಹೇಳಿಕೊಡುವವರು ಬೇಕೆಂದರೆ ಕಲಬುರಗಿಯಲ್ಲಿ ರಂಗಾಯಣವಿದೆ, ಸಾಣೇಹಳ್ಳಿಯಲ್ಲಿ ಕಲಿತು ಬಂದ ಹುಡುಗ ಹುಡುಗಿಯರು ಊರೂರಲ್ಲಿ ಕೆಲಸ ಹುಡುಕುತ್ತಿದ್ದಾರೆ.

ಬರುವ ಬಸವ ಜಯಂತಿಗೆ ನಮ್ಮ ಮಠಗಳ ಅಧೀನದ ಒಂದೊಂದು ಪ್ರೌಢಶಾಲೆಯೂ ಹರಳಯ್ಯನವರ ನಾಟಕವನ್ನು ಮದುವೆಯ ತನಕ, ಎಳೆಹೂಟೆಯ ತನಕ ಆಡಲಿ. ಮಾತು ಮಕ್ಕಳದೇ ಇರಲಿ, ದನಿ ಮಕ್ಕಳದೇ ಇರಲಿ. ಪೂಜ್ಯರಲ್ಲಿ ನನ್ನ ವಿನಂತಿ, ತಾವು ಆಶೀರ್ವಚನ ನೀಡಿ ಮೊದಲೇ ಹೊರಡದೆ ಕೊನೆಯ ದೃಶ್ಯದ ತನಕ ಎದುರಿನ ಸಾಲಿನಲ್ಲಿ ಕೂತಿರಬೇಕು. ಸ್ವಾಮಿಗಳು ಕೂತಿದ್ದರೆ ಊರು ಎದ್ದು ಹೋಗುವುದಿಲ್ಲ, ಆ ಮದುವೆಗೆ ಮಠದ ಒಪ್ಪಿಗೆಯಿದೆ ಎಂದು ಬೀಗರಿಗೂ ಗೊತ್ತಾಗುತ್ತದೆ.

ಕಟ್ಟೆ ಕಟ್ಟಿಸಲು ಮುಂದೆ ಬರುವ ಯಾವ ಶಾಲೆಗಾದರೂ ನಕ್ಷೆ, ಎಸ್ಟಿಮೇಟ್ ನಾನೇ ಮಾಡಿಕೊಡುತ್ತೇನೆ, ಪಾಯ ತೆಗೆಯುವ ದಿನ ಬಂದು ನಿಲ್ಲುತ್ತೇನೆ. ಸಂಭಾವನೆ ಬೇಡ, ಚಹಾ ಸಾಕು. ಒಂದು ಷರತ್ತು ಮಾತ್ರ ಉಂಟು. ಪಾತ್ರದ ಚೀಟಿ ಎತ್ತುವ ದಿನ ಆಡಳಿತ ಮಂಡಳಿಯವರು ಯಾರೂ ಆ ಕೋಣೆಯಲ್ಲಿ ಇರಬಾರದು.